ಮೈಕ್ರಾನಿನ ಕಣಿವೆಗೆ ಇಳಿದ ಬೆಳಕು

ಲೇತಿನಿಂದ ಆಗಷ್ಟೇ ಇಳಿಸಿದ ಉಕ್ಕಿನ ಶಾಫ್ಟ್ ಒಂದನ್ನು ಕೈಗೆತ್ತಿಕೊಳ್ಳಿ. ಥಳಥಳ ಹೊಳೆಯುತ್ತದೆ, ಬೆರಳಿಟ್ಟರೆ ಜಾರುತ್ತದೆ. ಅದರ ಮೈಮೇಲೆ ಏನೂ ಇಲ್ಲ ಎಂದೇ ಅನ್ನಿಸುತ್ತದೆ. ಆದರೆ ಅಲ್ಲಿ ಎಷ್ಟೊಂದಿದೆ! ಟೂಲಿನ ತುದಿ ಪ್ರತಿ ಸುತ್ತಿಗೂ ಒಂದು ತೋಡು ಕೊರೆಯುತ್ತಾ ಮುಂದೆ ಸಾಗಿದೆ. ತೋಡಿಗೂ ತೋಡಿಗೂ ನಡುವೆ ಒಂದು ದಿಣ್ಣೆ ಉಳಿದಿದೆ. ಆ ದಿಣ್ಣೆಗಳ ಮೇಲೆ ಲೋಹ ಹರಿದು ಬಂದ ತರಿಗಳಿವೆ, ತೋಡುಗಳ ಒಳಗೆ ಇನ್ನೂ ಸಣ್ಣ ಗೀರುಗಳಿವೆ. ಇಷ್ಟೆಲ್ಲವೂ ಕಣ್ಣಿಗೆ ಕಾಣದ ಆಳದಲ್ಲಿ.

ಎಷ್ಟು ಆಳ? ಟರ್ನಿಂಗ್ ಮಾಡುವವರಿಗೆ ಇದಕ್ಕೊಂದು ಲೆಕ್ಕ ಗೊತ್ತು. ಒಂದು ಸುತ್ತಿಗೆ ಟೂಲ್ ಎಷ್ಟು ಮುಂದೆ ಸರಿಯುತ್ತದೋ ಅದು ಫೀಡ್. ಫೀಡಿನ ವರ್ಗವನ್ನು, ಟೂಲಿನ ತುದಿಗೆ ಕೂರಿಸುವ ಇನ್ಸರ್ಟಿನ ಮೂತಿಯ ರೇಡಿಯಸ್ಸಿನ ಎಂಟು ಪಟ್ಟಿನಿಂದ ಭಾಗಿಸಿದರೆ ತೋಡಿನ ಆಳ ಸಿಗುತ್ತದೆ. ಫೀಡ್ 0.1 ಮಿ.ಮೀ., ರೇಡಿಯಸ್ 0.8 ಮಿ.ಮೀ. ಎಂದಿಟ್ಟುಕೊಂಡರೆ ಆಳ ಸುಮಾರು 1.56 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಈಗ ಈ ಶಾಫ್ಟಿನ ಮೇಲೆ ಒಂದು ಕ್ಯಾಮೆರಾ ನಿಲ್ಲಿಸೋಣ. ಕಾರ್ಖಾನೆಗಳಲ್ಲಿ ಬಳಸುವಂಥ ಸಾಧಾರಣ ಕ್ಯಾಮೆರಾ, ಅದಕ್ಕೆ ತಕ್ಕ ಲೆನ್ಸ್. ಒಂದೊಂದು ಪಿಕ್ಸೆಲ್ಲಿಗೆ ಶಾಫ್ಟಿನ 5 ಮೈಕ್ರಾನ್ ಜಾಗ. ತೋಡಿನ ಆಳ ಒಂದು ಪಿಕ್ಸೆಲ್ಲಿನ ಮೂರನೇ ಒಂದು ಭಾಗವೂ ಇಲ್ಲ. ಸಾಲದ್ದಕ್ಕೆ ಕ್ಯಾಮೆರಾ ನೋಡುತ್ತಿರುವುದು ನೇರ ಮೇಲಿನಿಂದ. ಮೇಲಿನಿಂದ ನೋಡಿದರೆ ಆಳ ಕಾಣುವುದಾದರೂ ಹೇಗೆ? ಆದರೂ ಈ ಕ್ಯಾಮೆರಾ ತೆಗೆದ ಚಿತ್ರವೊಂದರಿಂದ ಕಂಪ್ಯೂಟರ್ ಆ ಮೈಯ ದೊರಗನ್ನು ಅಂದಾಜಿಸಿ ಹೇಳಬಲ್ಲದು!

ಇದು ಹೇಗೆ ಸಾಧ್ಯ ಎಂದು ಕೆದಕುತ್ತಾ ಹೋದಾಗ ಸಿಕ್ಕ ಉತ್ತರ ನನ್ನನ್ನು ಕುಳಿತಲ್ಲಿಂದ ಎಬ್ಬಿಸಿತು. ಕ್ಯಾಮೆರಾ ಆಳವನ್ನು ನೋಡುವುದೇ ಇಲ್ಲ. ಅದು ನೋಡುವುದು ಇಳಿಜಾರನ್ನು.

ಅದೇ ತೋಡನ್ನು ಮತ್ತೆ ನೋಡಿ. ಅಗಲ 0.1 ಮಿ.ಮೀ., ಆಳ ಒಂದೂವರೆ ಮೈಕ್ರಾನ್ ಚಿಲ್ಲರೆ. ಅದರ ಅಂಚಿನಲ್ಲಿ ಲೋಹ ಸುಮಾರು 3.6 ಡಿಗ್ರಿ ವಾಲಿರುತ್ತದೆ. ಹೊಳೆಯುವ ಮೈ ಎಷ್ಟು ವಾಲುತ್ತದೋ ಅದರಿಂದ ಪುಟಿಯುವ ಬೆಳಕು ಅದರ ಎರಡರಷ್ಟು ತಿರುಗುತ್ತದೆ. ಇದು ಹೈಸ್ಕೂಲಿನಲ್ಲಿ ಓದಿದ ಪ್ರತಿಫಲನದ ನಿಯಮ. ಹಾಗಾದರೆ ಬೆಳಕು ತಿರುಗಿದ್ದು 7 ಡಿಗ್ರಿಗೂ ಹೆಚ್ಚು. ಹತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಬಿಳಿ ಕಾಗದ ಹಿಡಿದರೆ, ಆ ಅಂಚಿನಿಂದ ಬಂದ ಕಿರಣ ತನ್ನ ಜಾಗ ಬಿಟ್ಟು ಸುಮಾರು 12.5 ಮಿಲಿಮೀಟರ್ ಆಚೆ ಹೋಗಿ ಬೀಳುತ್ತದೆ. ಒಂದೂವರೆ ಮೈಕ್ರಾನಿನ ಆಳಕ್ಕೆ ಒಂದೂ ಕಾಲು ಸೆಂಟಿಮೀಟರಿನ ಓಟ! ಎಂಟು ಸಾವಿರ ಪಟ್ಟು ಹಿಗ್ಗಿದಂತಾಯಿತು. ಲೆನ್ಸ್ ಇಲ್ಲ, ಮೈಕ್ರೋಸ್ಕೋಪ್ ಇಲ್ಲ. ಬರೀ ಬೆಳಕು ಮತ್ತು ಒಂದು ತುಂಡು ಕಾಗದ.

ಇನ್ನೂ ಸೊಗಸಾದ ಸಂಗತಿಯೊಂದಿದೆ. ಫೀಡನ್ನು ಅರ್ಧಕ್ಕೆ ಇಳಿಸಿ ನೋಡಿ: ತೋಡಿನ ಆಳ ಕಾಲು ಭಾಗವಾಗುತ್ತದೆ, ಇಳಿಜಾರು ಮಾತ್ರ ಅರ್ಧವಾಗುತ್ತದೆ. ಅಂದರೆ ಮೈ ನುಣುಪಾದಷ್ಟೂ ಆಳ ಸರಸರನೆ ಮಾಯವಾಗುತ್ತದೆ, ಇಳಿಜಾರು ಅಷ್ಟು ಬೇಗ ಸೋಲುವುದಿಲ್ಲ. ಆಳ ಕೈಬಿಟ್ಟ ಮೇಲೂ ಇಳಿಜಾರು ಸುಳಿವು ಕೊಡುತ್ತಲೇ ಇರುತ್ತದೆ. ಆ ಸುಳಿವನ್ನೇ ಕ್ಯಾಮೆರಾ ಹಿಡಿಯುವುದು. ಬೆಳಕನ್ನು ತನ್ನತ್ತ ತಿರುಗಿಸುವಂತೆ ವಾಲಿದ ಜಾಗ ಬೆಳ್ಳಗೆ ಕಾಣುತ್ತದೆ, ಆಚೆಗೆ ತಿರುಗಿಸುವಂತೆ ವಾಲಿದ ಜಾಗ ಕಪ್ಪಗೆ. ಚಿತ್ರದ ತುಂಬ ಕಪ್ಪು ಬಿಳುಪಿನ ಪಟ್ಟೆಗಳು.

ನಮ್ಮಲ್ಲಿ ಶಾಸನ ಓದುವವರಿಗೆ ಈ ಉಪಾಯ ಹೊಸದಲ್ಲ. ನೆತ್ತಿಯ ಮೇಲೆ ಬಿಸಿಲಿರುವಾಗ ಬರೀ ಬಂಡೆಯಾಗಿ ಕಾಣುವ ಸವೆದ ವೀರಗಲ್ಲಿಗೆ ಕತ್ತಲಾದ ಮೇಲೆ ಒಂದು ಪಕ್ಕದಿಂದ ಟಾರ್ಚ್ ಹಿಡಿದರೆ ಅಕ್ಷರಗಳು ಎದ್ದು ಬರುತ್ತವೆ. ಬೆಳಕು ಓರೆಯಾದಾಗ ತೀರಾ ತೆಳುವಾದ ಏರುತಗ್ಗು ಕೂಡ ನೆರಳು ಚೆಲ್ಲುತ್ತದೆ. ಶಾಫ್ಟಿನ ಮೇಲೆ ಓರೆಯಾಗಿ ಎಲ್‌ಇಡಿ ಇಡುವವನು ಮಾಡುವುದೂ ಇದನ್ನೇ. ಈ ವಿದ್ಯೆಯಲ್ಲಿ ಕ್ಯಾಮೆರಾಗಿಂತ ದೀಪವೇ ದೊಡ್ಡದು ಎಂಬುದು ನನಗೆ ದಿನೇದಿನೇ ಗಟ್ಟಿಯಾಗುತ್ತಿರುವ ಮಾತು. ದೀಪವನ್ನು ಸರಿಯಾದ ಕಡೆ ಇಟ್ಟರೆ ಅಗ್ಗದ ಕ್ಯಾಮೆರಾ ಕೂಡ ಮಾತಾಡುತ್ತದೆ; ತಪ್ಪು ಕಡೆ ಇಟ್ಟರೆ ಲಕ್ಷಗಟ್ಟಲೆ ಬೆಲೆಯದ್ದೂ ಮೂಕ.

ಹಳೆಯ ಚೀನಾ ಮತ್ತು ಜಪಾನಿನ ಮಾಯಾಕನ್ನಡಿಗಳ ಗುಟ್ಟೂ ಈ ಇಳಿಜಾರೇ ಎಂದು ತಿಳಿದಾಗ ರೋಮಾಂಚನವಾಯಿತು. ಅವು ಕಂಚಿನ ಕನ್ನಡಿಗಳು. ಹಿಂಬದಿಯಲ್ಲಿ ಉಬ್ಬುಚಿತ್ರ, ಮುಂಬದಿ ನಯವಾಗಿ ಉಜ್ಜಿದ್ದು. ಮುಖ ನೋಡಿಕೊಂಡರೆ ಮುಖವಷ್ಟೇ ಕಾಣುತ್ತದೆ. ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಬೆಳಕು ಬೀಳಿಸಿದರೆ ಹಿಂಬದಿಯ ಚಿತ್ರ ಗೋಡೆಯಲ್ಲಿ ಮೂಡುತ್ತದೆ! ಬೆಳಕು ಕಂಚನ್ನು ತೂರಿ ಬಂದಿತೇ? ಇಲ್ಲ. ಉಜ್ಜುವಾಗ ಹಿಂಬದಿಯ ಉಬ್ಬಿನ ಗುರುತು ಮುಂಬದಿಗೂ ಒಂದಿಷ್ಟು ಇಳಿದಿರುತ್ತದೆ, ಒಂದು ಮೈಕ್ರಾನಿಗಿಂತಲೂ ಕಡಿಮೆ ಎತ್ತರದಲ್ಲಿ. ಕಣ್ಣಿಗೆ ಕಾಣದ ಆ ಅಲೆ ಬೆಳಕನ್ನು ಅಲ್ಲಲ್ಲಿ ಕೂಡಿಸುತ್ತದೆ, ಅಲ್ಲಲ್ಲಿ ಚದುರಿಸುತ್ತದೆ. ಬ್ರಿಸ್ಟಲ್‌ನ ಭೌತವಿಜ್ಞಾನಿ ಮೈಕೆಲ್ ಬೆರ್ರಿ 2006ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟರು. ಇವತ್ತು ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆಗಳು ಸಪಾಟಾಗಿವೆಯೇ ಎಂದು ನೋಡಲು ಬಳಸುವ ಒಂದು ತಪಾಸಣಾ ವಿಧಾನಕ್ಕೆ ಆ ಕನ್ನಡಿಗಳ ಜಪಾನಿ ಹೆಸರೇ ಉಳಿದಿದೆ: ಮಾಕ್ಯೋ. ಕುಲುಮೆಯ ಕಂಚುಗಾರನ ಕೈಚಳಕ ಸಿಲಿಕಾನ್ ಕಾರ್ಖಾನೆಯ ಒಳಗೆ ಬಂದು ಕುಳಿತಿದೆ!

ಬೆಂಗಳೂರಿನ ಪೀಣ್ಯದ ಯಾವುದೇ ಶೆಡ್ಡಿಗೆ ಹೋಗಿ, ಹಳಬರು ಜಾಬ್, ಅಂದರೆ ಯಂತ್ರದಲ್ಲಿ ತಯಾರಾದ ಭಾಗ, ಕೈಗೆ ತೆಗೆದುಕೊಂಡ ಕೂಡಲೇ ಏನು ಮಾಡುತ್ತಾರೆ ಗಮನಿಸಿ. ಕೂಲೆಂಟ್ ಒರೆಸುತ್ತಾರೆ. ಟ್ಯೂಬ್‌ಲೈಟಿನ ಕಡೆ ಹಿಡಿದು ನಿಧಾನವಾಗಿ ವಾಲಿಸುತ್ತಾರೆ. ಆಮೇಲೆ ಹೆಬ್ಬೆರಳ ಉಗುರನ್ನು ಗೆರೆಗಳಿಗೆ ಅಡ್ಡಲಾಗಿ ಎಳೆಯುತ್ತಾರೆ. "ಫಿನಿಶ್ ಬಂದಿಲ್ಲ ಸರ್, ಇನ್ಸರ್ಟ್ ಹೋಗಿದೆ" ಅನ್ನುತ್ತಾರೆ. ದೊರಗು ಅಳೆಯುವ ಟೆಸ್ಟರ್ ಹಚ್ಚಿ ನೋಡುವುದು ಆಮೇಲಿನ ಮಾತು. ಆ ವಾಲಿಸುವಿಕೆ ಇದೆಯಲ್ಲ, ಕ್ಯಾಮೆರಾದ ಸುತ್ತ ಬೇರೆಬೇರೆ ಕೋನದಲ್ಲಿ ದೀಪ ಉರಿಸಿ ಕಂಪ್ಯೂಟರ್ ಮಾಡುವ ಕೆಲಸ ಅದೇ. ಬೆರಳೂ ಕಡಿಮೆಯದಲ್ಲ. 2013ರಲ್ಲಿ ಸ್ಟಾಕ್‌ಹೋಮ್‌ನ ಕೆಟಿಎಚ್ ಸಂಸ್ಥೆಯವರು ನಡೆಸಿದ ಪ್ರಯೋಗದಲ್ಲಿ, ಬೆರಳಾಡಿಸಿ ನೋಡಿದವರು ಹದಿಮೂರು ನ್ಯಾನೋಮೀಟರಿನ ಸುಕ್ಕುಗಳಿದ್ದ ಮೈಯನ್ನು ಸುಕ್ಕಿಲ್ಲದ ಮೈಯಿಂದ ಬೇರೆಯೆಂದು ಗುರುತಿಸಿದರು. ಮೈಕ್ರಾನಿನ ಸಾವಿರದಲ್ಲಿ ಹದಿಮೂರು ಪಾಲು! ಮನುಷ್ಯನ ಚರ್ಮದ ಬಗ್ಗೆ ನನಗಿದ್ದ ಗೌರವ ಅಂದಿನಿಂದ ದುಪ್ಪಟ್ಟಾಗಿದೆ.

ಬೆರಳಿನ ತೀರ್ಪನ್ನು ಅಂಕಿಯಾಗಿಸಿದ್ದು ವಜ್ರ. ಜರ್ಮನಿಯ ಗುಸ್ತಾವ್ ಶ್ಮಾಲ್ಟ್ಸ್ 1929ರಲ್ಲಿ ಲೋಹದ ಮೇಲೆ ಸೂಜಿ ಎಳೆದು, ಅದರ ಏರಿಳಿತಕ್ಕೆ ತಕ್ಕಂತೆ ವಾಲುವ ಪುಟ್ಟ ಕನ್ನಡಿಯಿಂದ ಬೆಳಕನ್ನು ಫಿಲ್ಮಿನ ಮೇಲೆ ಕುಣಿಸಿದರು. ನೋಡಿ, ಅಲ್ಲೂ ಎಳ್ಳಷ್ಟು ವಾಲಿದ್ದನ್ನು ಬೆಳಕೇ ದೊಡ್ಡದು ಮಾಡಿ ತೋರಿಸಿದ್ದು! 1941ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ರಿಚರ್ಡ್ ರೀಸನ್ ರೂಪಿಸಿದ ಟ್ಯಾಲಿಸರ್ಫ್ ಈ ವಿದ್ಯೆಯನ್ನು ಕಾರ್ಖಾನೆಗಳಿಗೆ ತಂದಿತು. ಈಗಲೂ ಅದೇ ಕ್ರಮ: ತುದಿಯ ರೇಡಿಯಸ್ 2 ಮೈಕ್ರಾನ್ ಇರುವ ವಜ್ರ, ಗ್ರಾಮಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಭಾರ, ಸಾಮಾನ್ಯವಾಗಿ 4 ಮಿಲಿಮೀಟರ್ ಉದ್ದದ ಅಳತೆ. ಆ ಗೆರೆಯಲ್ಲಿನ ಎಲ್ಲ ಏರುತಗ್ಗುಗಳನ್ನೂ ನಡುಗೆರೆಯಿಂದ ಅಳೆದು ತೆಗೆದ ಸರಾಸರಿಯೇ ಡ್ರಾಯಿಂಗಿನಲ್ಲಿ ಬರೆಯುವ ಆರ್‌ಎ. ನಮ್ಮ ಹಳೆಯ ಡ್ರಾಯಿಂಗುಗಳಲ್ಲಿ ಫಿನಿಶ್ ಎಷ್ಟಿರಬೇಕು ಎನ್ನಲು ಎರಡು ತ್ರಿಕೋನ, ಮೂರು ತ್ರಿಕೋನ ಎಂದು ಗುರುತು ಹಾಕುತ್ತಿದ್ದುದನ್ನು ಬಲ್ಲವರು ಇನ್ನೂ ಇದ್ದಾರೆ.

ವಜ್ರದ ಮಾತಿಗೆ ಎದುರಿಲ್ಲ. ಆದರೆ ಅದು ನಡೆಯುವುದು ಒಂದೇ ಗೆರೆಯ ಮೇಲೆ. ಗೆರೆಯ ಪಕ್ಕದಲ್ಲೇ ಗೀರೊಂದು ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಯಂತ್ರ ನಿಲ್ಲಿಸಬೇಕು, ಜಾಬ್ ಇಳಿಸಬೇಕು, ಒರೆಸಬೇಕು, ಮುಟ್ಟಬೇಕು. ಅಲ್ಯೂಮಿನಿಯಂನಂಥ ಮೆದು ಲೋಹದ ಮೇಲೆ ಸೂಜಿಯ ಜಾಡೂ ಉಳಿಯಬಹುದು. ಇನ್ನೊಂದು ಕೊರತೆ ಅಂಕಿಯದ್ದೇ. ಒಂದು ಮೈಮೇಲೆ ಚೂಪು ಮೊನೆಗಳೆದ್ದಿವೆ, ಇನ್ನೊಂದು ಮೈ ಸಪಾಟಾಗಿದ್ದು ಅಲ್ಲಲ್ಲಿ ಆಳದ ಗೀರುಗಳಿವೆ. ಎರಡರ ಆರ್‌ಎ ಒಂದೇ ಬರಬಹುದು! ಎಂಜಿನ್ ಸಿಲಿಂಡರಿಗೆ ಎರಡನೆಯದೇ ಬೇಕು. ಹೋನಿಂಗ್ ಮಾಡಿದ ಕತ್ತರಿಗೆರೆಗಳಲ್ಲಿ ಎಣ್ಣೆ ನಿಲ್ಲುತ್ತದೆ, ಸಪಾಟು ಭಾಗದ ಮೇಲೆ ರಿಂಗ್ ಜಾರುತ್ತದೆ. ಮೊದಲನೆಯದಾದರೆ ಆ ಮೊನೆಗಳೇ ರಿಂಗನ್ನು ತಿಂದುಹಾಕುತ್ತವೆ. ಅಂಕಿಗೆ ಕಾಣದ ಈ ವ್ಯತ್ಯಾಸ ಚಿತ್ರದಲ್ಲಿ ಎದ್ದು ಕಾಣುತ್ತದೆ.

ಚಿತ್ರದಿಂದ ಅಂಕಿ ತೆಗೆಯುವುದು ಹೇಗೆ? ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಭಾಗ, ಸ್ವಲ್ಪ ನಿಧಾನವಾಗಿ ನೋಡೋಣ.

ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳ ಚೌಕ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 255. ಶಾಫ್ಟಿನ ಉದ್ದಕ್ಕೂ ಒಂದು ಸಾಲು ಓದಿದರೆ ಹೀಗೆ ಬಂದಿತೆಂದುಕೊಳ್ಳಿ: 200, 120, 40, 120, 200, 120, 40, 120, 200. ಬೆಳಕಿನ ಪಟ್ಟೆ, ನೆರಳಿನ ಪಟ್ಟೆ, ಮತ್ತೆ ಬೆಳಕು. ಈಗ ಪ್ರತಿ ಅಂಕಿಯನ್ನೂ ಅದರ ಪಕ್ಕದ ಅಂಕಿಯ ಜೊತೆ ಜೋಡಿ ಮಾಡಿ. ಎಲ್ಲ ಜೋಡಿಯಲ್ಲೂ 80ರ ಅಂತರ. ಎರಡು ಹೆಜ್ಜೆ ಆಚೆಯದರೊಂದಿಗೆ ಜೋಡಿಸಿ: ಕೆಲವು ಜೋಡಿಗಳಲ್ಲಿ 160, ಕೆಲವಲ್ಲಿ ಸೊನ್ನೆ. ನಾಲ್ಕು ಹೆಜ್ಜೆ ಆಚೆಗೆ ಹೋಗಿ: 200ಕ್ಕೆ 200, 120ಕ್ಕೆ 120, 40ಕ್ಕೆ 40. ಅಂತರವೇ ಇಲ್ಲ! ತೋಡಿನಿಂದ ತೋಡಿಗೆ ನಾಲ್ಕು ಹೆಜ್ಜೆ ಎಂಬ ಗುಟ್ಟು ಬರೀ ಜೋಡಿ ಎಣಿಕೆಯಿಂದಲೇ ಹೊರಬಿತ್ತು. ನಮ್ಮ ಶಾಫ್ಟಿನಲ್ಲಿ 0.1 ಮಿ.ಮೀ. ಫೀಡ್ ಎಂದರೆ 20 ಪಿಕ್ಸೆಲ್. 20 ಹೆಜ್ಜೆಗೆ ಜೋಡಿಗಳು ಹೊಂದಬೇಕು, 10 ಹೆಜ್ಜೆಗೆ ಎದುರಾಬದುರಾಗಿ ನಿಲ್ಲಬೇಕು. ಟೂಲ್ ಸವೆದು ಲೋಹ ಹರಿಯತೊಡಗಿದರೆ ಈ ಹೊಂದಾಣಿಕೆ ಮುರಿಯುತ್ತದೆ, ಯಾವ ಜೋಡಿ ಎಷ್ಟು ಸಲ ಬಂದಿದೆ ಎಂಬ ಎಣಿಕೆಯ ಕೋಷ್ಟಕದಲ್ಲಿ ಜೋಡಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಈ ಕೋಷ್ಟಕವನ್ನು 1973ರಲ್ಲಿ ಮುಂದಿಟ್ಟವರು ರಾಬರ್ಟ್ ಹರಾಲಿಕ್ ಮತ್ತು ಸಂಗಡಿಗರು. ಅವರು ಪರೀಕ್ಷಿಸಿದ ಚಿತ್ರಗಳಲ್ಲಿ ಉಪಗ್ರಹದಿಂದ ತೆಗೆದ ಭೂಮಿಯ ಚಿತ್ರಗಳೂ ಇದ್ದವು. ಆಕಾಶದಿಂದ ನೆಲವನ್ನು ವಿಂಗಡಿಸಿದ ಲೆಕ್ಕವೇ ಉಕ್ಕಿನ ತೋಡುಗಳನ್ನು ಎಣಿಸುತ್ತದೆ!

ಇನ್ನೊಂದು ದಾರಿ ಫೂರಿಯೇ ರೂಪಾಂತರ, ಮರುಕಳಿಸುವ ವಿನ್ಯಾಸಗಳನ್ನು ಹೆಕ್ಕಿ ತೋರಿಸುವ ಗಣಿತ. ಪಟ್ಟೆಪಟ್ಟೆಯ ಚಿತ್ರವನ್ನು ಅದಕ್ಕೆ ಕೊಟ್ಟರೆ ಪಟ್ಟೆಗಳೆಲ್ಲ ಕರಗಿ, ನಡುವಿನ ಚುಕ್ಕೆಯ ಎರಡೂ ಪಕ್ಕ ಎರಡು ಬೆಳಕಿನ ಚುಕ್ಕೆಗಳು ಮೂಡುತ್ತವೆ. ನಡುವಿನಿಂದ ಅವುಗಳಿಗಿರುವ ದೂರ ಫೀಡನ್ನು ಹೇಳುತ್ತದೆ, ಅವು ನಿಂತ ದಿಕ್ಕು ಗೆರೆಗಳ ದಿಕ್ಕನ್ನು ಹೇಳುತ್ತದೆ. ಯಂತ್ರ ನಡುಗಿ ಚಾಟರ್ ಬಿದ್ದಿದ್ದರೆ ಕರೆಯದ ಬೇರೆ ಚುಕ್ಕೆಗಳು ಬಂದು ನಿಲ್ಲುತ್ತವೆ.

ನಮ್ಮ ದೇಶದಲ್ಲಿ ಈ ಹಾದಿಯಲ್ಲಿ ಬಹಳ ಮೊದಲೇ ಹೆಜ್ಜೆಯಿಟ್ಟದ್ದು ಮದರಾಸಿನ ಐಐಟಿ. ಎಂ. ಬಿ. ಕಿರಣ್, ಬಿ. ರಾಮಮೂರ್ತಿ, ವಿ. ರಾಧಾಕೃಷ್ಣನ್ 1998ರಲ್ಲೇ ಕ್ಯಾಮೆರಾದಿಂದ ದೊರಗು ಅಳೆಯುವ ಬಗ್ಗೆ ಪ್ರಬಂಧ ಪ್ರಕಟಿಸಿದರು. 2005ರಲ್ಲಿ ರಾಮಮೂರ್ತಿ ಮತ್ತು ಸಂಗಡಿಗರು ಯಂತ್ರದಲ್ಲಿ ತಯಾರಾದ ಮೈಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಹಿಗ್ಗಿಸಿ, ಬೂದುಬಣ್ಣದ ಏರಿಳಿತದ ಸರಾಸರಿ ತೆಗೆದು, ವಜ್ರದ ಸೂಜಿ ಕೊಟ್ಟ ಆರ್‌ಎ ಜೊತೆ ತಾಳೆ ನೋಡಿದರು. ಆಮೇಲೆ ಅದೇ ಗುಂಪು ಚಲಿಸುತ್ತಿರುವ ಜಾಬಿನ ಮಸುಕು ಚಿತ್ರಗಳನ್ನು ಲೆಕ್ಕದಿಂದ ತಿಳಿಗೊಳಿಸಿ ಅಳೆಯುವ ದಾರಿಯನ್ನೂ ಹುಡುಕಿತು. ಜಾಬನ್ನು ಚಕ್ಕಿನಿಂದ ಬಿಚ್ಚದೆ, ಮುಟ್ಟದೆ, ಓಡುತ್ತಿರುವಾಗಲೇ ಫಿನಿಶ್ ನೋಡುವುದು ಎಂದರೆ ಏನೆಂದು ಶಾಪ್‌ಫ್ಲೋರಿನಲ್ಲಿ ದಿನ ಕಳೆದವರಿಗೆ ಗೊತ್ತು. ಸವೆದ ಇನ್ಸರ್ಟ್ ಕೆಡಿಸಿದ್ದು ಐವತ್ತನೇ ಜಾಬಿನಲ್ಲಿ ಗೊತ್ತಾಗುವುದಕ್ಕೂ ಎರಡನೇ ಜಾಬಿನಲ್ಲೇ ಗೊತ್ತಾಗುವುದಕ್ಕೂ ಇರುವ ದೂರ ಅದು.

ತೊಡಕುಗಳೂ ಅಷ್ಟೇ ನಿಜ. ಬೂದುಬಣ್ಣ ಬರೀ ಇಳಿಜಾರಿನ ಮಾತಾಡುವುದಿಲ್ಲ. ಲೋಹದ ಬಣ್ಣ, ಎಣ್ಣೆಯ ಪದರ, ಕಿಟಕಿಯಿಂದ ಬಂದ ಬಿಸಿಲು ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಉಕ್ಕಿನ ಮೇಲೆ ಕಲಿತ ಲೆಕ್ಕ ಹಿತ್ತಾಳೆಯ ಮುಂದೆ ತಬ್ಬಿಬ್ಬಾಗುತ್ತದೆ. ಈಚಿನ ನ್ಯೂರಲ್ ನೆಟ್‌ವರ್ಕುಗಳು ಸಾವಿರಾರು ಚಿತ್ರ ನೋಡಿ ಚೆನ್ನಾಗಿ ಕಲಿಯುತ್ತವೆ, ಆದರೆ ದೊರಗಿನ ಬದಲು ದೀಪವನ್ನೇ ಕಲಿತುಬಿಡುವ ಅಪಾಯವೂ ಅಲ್ಲಿದೆ. ಮತ್ತೆ ಆ ಚಿತ್ರಗಳಿಗೆ ಸರಿಯುತ್ತರ ಬರೆದುಕೊಡುವುದು ಹೆಚ್ಚಾಗಿ ವಜ್ರದ ಸೂಜಿಯೇ.

ಬಣ್ಣವನ್ನೂ ಹೊಳಪನ್ನೂ ಒಮ್ಮೆಲೇ ಅಳಿಸಿಹಾಕುವ ಉಪಾಯವಿದ್ದರೆ? ಇದೆ! 2009ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೈಕಾ ಜಾನ್ಸನ್ ಮತ್ತು ಎಡ್ವರ್ಡ್ ಅಡೆಲ್ಸನ್ ಪಾರದರ್ಶಕವಾದ ಮೆತ್ತನೆ ರಬ್ಬರಿನ ತುಂಡಿನ ಒಂದು ಮುಖಕ್ಕೆ ತೆಳುವಾಗಿ ಲೋಹದ ಪುಡಿಯ ಬಣ್ಣ ಬಳಿದರು. ಆ ಮುಖವನ್ನು ವಸ್ತುವಿನ ಮೇಲೆ ಒತ್ತಿದರೆ ಬಣ್ಣದ ಪದರ ಅದರ ಏರುತಗ್ಗಿಗೆಲ್ಲ ಅಂಟಿಕೊಂಡು ಕೂರುತ್ತದೆ. ಹಿಂದಿನಿಂದ ನೋಡುವ ಕ್ಯಾಮೆರಾಗೆ ಉಕ್ಕು, ಗಾಜು, ಚರ್ಮ ಎಲ್ಲವೂ ಒಂದೇ ಬಣ್ಣ, ಒಂದೇ ಹೊಳಪು. ಉಳಿಯುವುದು ಆಕಾರ ಮಾತ್ರ. ಕೆಂಪು, ಹಸಿರು, ನೀಲಿ ದೀಪಗಳನ್ನು ಮೂರು ಕಡೆಯಿಂದ ಹಾಯಿಸಿದರೆ ಪ್ರತಿ ಪಿಕ್ಸೆಲ್ಲಿನ ಬಣ್ಣವೇ ಅಲ್ಲಿನ ಇಳಿಜಾರು ಯಾವ ಕಡೆಗೆ, ಎಷ್ಟು ಎಂದು ಹೇಳಿಬಿಡುತ್ತದೆ. ಇಳಿಜಾರುಗಳನ್ನು ಒಂದಕ್ಕೊಂದು ಕೂಡಿಸುತ್ತಾ ಹೋದರೆ ಎತ್ತರ ಸಿಗುತ್ತದೆ. ಅವರು ಮೊದಲು ಒತ್ತಿ ತೋರಿಸಿದ್ದರಲ್ಲಿ ಒಂದು ಬಿಸ್ಕತ್ತೂ ಇತ್ತು! 2011ರ ಹೊತ್ತಿಗೆ ಒಂದು ಮೈಕ್ರಾನಿಗಿಂತ ಕಡಿಮೆ ಆಳದ, ಎರಡು ಮೈಕ್ರಾನ್ ಅಗಲದ ಗುರುತುಗಳನ್ನು ಕಾಣುವಷ್ಟು ಆ ಉಪಾಯ ಪಳಗಿತ್ತು. ಮೂರು ದೀಪಗಳಿಂದ ಆಕಾರ ತೆಗೆಯುವ ಈ ಗಣಿತವನ್ನು 1980ರಲ್ಲೇ ರಾಬರ್ಟ್ ವುಡ್‌ಹ್ಯಾಮ್ ಬರೆದಿಟ್ಟಿದ್ದರು. ಒಂದು ಮುದ್ದೆ ರಬ್ಬರ್ ಅದನ್ನು ಬೆರಳ ತುದಿಗೆ ತಂದಿತು.

ಕ್ಯಾಮೆರಾಗೆ ಈ ಕೆಲಸ ಎಷ್ಟು ಒಪ್ಪುತ್ತದೆ ಎಂದು ತಿಳಿಯಲು ಎಣ್ಣೆ ಸೋರುವ ಶಾಫ್ಟಿನ ಕಥೆ ಕೇಳಬೇಕು. ಗೇರ್‌ಬಾಕ್ಸಿನಿಂದ ಹೊರಗೆ ಚಾಚಿದ ಶಾಫ್ಟಿನ ಮೇಲೆ ರಬ್ಬರಿನ ಆಯಿಲ್ ಸೀಲ್ ಕೂತಿರುತ್ತದೆ. ಅದರ ತುಟಿ ತಾಗುವ ಜಾಗದಲ್ಲಿ ಆರ್‌ಎ 0.2ರಿಂದ 0.8 ಮೈಕ್ರಾನ್ ಇರಬೇಕು ಎಂಬುದು ರೂಢಿ. ತೀರಾ ದೊರಗಾದರೆ ತುಟಿ ಸವೆಯುತ್ತದೆ, ತೀರಾ ನುಣುಪಾದರೆ ತುಟಿಯ ಕೆಳಗೆ ಎಣ್ಣೆ ನಿಲ್ಲುವುದಿಲ್ಲ. ಆರ್‌ಎ ಸರಿಯಿದ್ದೂ ಶಾಫ್ಟ್ ಸೋರಬಹುದು! ಯಾಕೆಂದರೆ ಟರ್ನಿಂಗ್ ಗೆರೆಗಳು ಬಳೆಗಳಲ್ಲ, ಸುರುಳಿ. ಮೈಕ್ರಾನಿನ ಆಳದ ಆ ಸುರುಳಿ ಶಾಫ್ಟ್ ತಿರುಗಿದಂತೆಲ್ಲ ಎಣ್ಣೆಯನ್ನು ನೂಕುತ್ತದೆ. ಒಂದು ದಿಕ್ಕಿಗೆ ತಿರುಗಿದರೆ ಒಳಗೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ಹೊರಗೆ. ಹಾಗಾಗಿಯೇ ಆ ಸುರುಳಿಯನ್ನು ಅಳಿಸಲು ಅಲ್ಲಿ ಗ್ರೈಂಡಿಂಗ್ ವೀಲನ್ನು ಪಕ್ಕಕ್ಕೆ ಸರಿಸದೆ ನೇರವಾಗಿ ಒತ್ತಿ ತಿರುವುತ್ತಾರೆ.

ಸುರುಳಿ ಉಳಿದಿದೆಯೇ ಎಂದು ನೋಡಲು ಒಂದು ಹಳೆಯ ಪರೀಕ್ಷೆ ಇದೆ. ಶಾಫ್ಟಿಗೆ ತೆಳುವಾಗಿ ಎಣ್ಣೆ ಸವರಿ, ಮೇಲೊಂದು ಹೊಲಿಗೆ ದಾರ ಹಾಕಿ, ದಾರದ ತುದಿಗೆ ಪುಟ್ಟ ತೂಕ ಕಟ್ಟಿ, ನಿಧಾನವಾಗಿ ತಿರುಗಿಸುತ್ತಾರೆ. ಸುರುಳಿ ಇದ್ದರೆ ದಾರ ಪಕ್ಕಕ್ಕೆ ನಡೆಯುತ್ತದೆ. ಕ್ಯಾಮೆರಾಗೆ ದಾರ ಬೇಡ, ಎಣ್ಣೆ ಬೇಡ. 30 ಮಿ.ಮೀ. ವ್ಯಾಸದ ಶಾಫ್ಟಿನಲ್ಲಿ 0.1 ಮಿ.ಮೀ. ಫೀಡಿನ ಸುರುಳಿ ವಾಲಿರುವುದು ಡಿಗ್ರಿಯ ನೂರರಲ್ಲಿ ಆರು ಪಾಲು ಮಾತ್ರ. ಒಂದು ಚಿತ್ರದಲ್ಲಿ ಅದನ್ನು ಕಾಣುವುದು ಬಲು ಕಷ್ಟ. ಆದರೆ ಶಾಫ್ಟನ್ನು ಸರಿಯಾಗಿ ಒಂದು ಸುತ್ತು ತಿರುಗಿಸುತ್ತಾ, ಒಂದೇ ಕಡೆ ನಿಂತು ನೋಡುತ್ತಿದ್ದರೆ, ಗೆರೆಗಳೆಲ್ಲ ಸಾಲಾಗಿ ಪಕ್ಕಕ್ಕೆ ಸರಿಯುತ್ತವೆ: ಸುತ್ತು ಮುಗಿಯುವಷ್ಟರಲ್ಲಿ ಒಂದು ಇಡೀ ಫೀಡು, ಅಂದರೆ ಪೂರ್ತಿ 20 ಪಿಕ್ಸೆಲ್! ವೀಲನ್ನು ನೇರ ಒತ್ತಿ ಗ್ರೈಂಡ್ ಮಾಡಿದ ಒಳ್ಳೆಯ ಶಾಫ್ಟಾದರೆ ಗೆರೆಗಳು ಇದ್ದಲ್ಲೇ ಇರುತ್ತವೆ. ಯಾವ ಶಾಫ್ಟ್ ಗೇರ್‌ಬಾಕ್ಸಿಗೆ ಹೋಗಬೇಕು, ಯಾವುದು ಗ್ರೈಂಡಿಂಗಿಗೆ ಮರಳಬೇಕು ಎಂಬುದು ಆ ಒಂದು ಸುತ್ತಿನಲ್ಲೇ ತೀರ್ಮಾನವಾಗುತ್ತದೆ.